ಪ್ರೋಕ್ವಾಲ್: ದವಾಖಾನೆ ಮಂದಿ ತಮ್ಮನ್ನು ತಾವು ಕೇಳಿಕೊಳ್ಳುವ ಮೂವತ್ತು ಪ್ರಶ್ನೆಗಳು

ಪ್ರೋಕ್ವಾಲ್ ಅನ್ನುವುದು ಮೂವತ್ತು ಪ್ರಶ್ನೆಗಳ ಒಂದು ಪ್ರಶ್ನಾವಳಿ. ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು, ಹೀಗೆ ಬೇರೆಯವರ ಸಂಕಟ ಕೇಳುವುದೇ ದಿನದ ಕೆಲಸ ಆದವರು ತಮ್ಮ ಸ್ಥಿತಿ ಏನಾಗಿದೆ ಅಂತ ತಾವೇ ನೋಡಿಕೊಳ್ಳಲಿಕ್ಕೆ ಮಾಡಿದ್ದು. ರೊಕ್ಕ ಕೊಡಬೇಕಿಲ್ಲ. ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬಹುದು. ಮಾಡಿದವರ ಹೆಸರು ತೆಗೆಯಬಾರದು, ಪ್ರಶ್ನೆಗಳನ್ನು ಬದಲಿಸಬಾರದು, ಮಾರಬಾರದು, ಇಷ್ಟೇ ಕರಾರು. ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿದರೆ ತಲೆಗೆ ಒಂದು ಚಹಾದ ಖರ್ಚೂ ಬರುವುದಿಲ್ಲ.

ನಾನು ಕಲಬುರಗಿಯ ಒಂದು ದವಾಖಾನೆಯ ಮನೋರೋಗ ವಿಭಾಗದಲ್ಲಿ ಸ್ಟಾಫ್ ನರ್ಸ್. ನಮ್ಮ ವಾರ್ಡಿನ ಮಂದಿ ಈ ಹಾಳೆಯನ್ನು ಬಹಳ ದಿನದಿಂದ ಬಳಸುತ್ತ ಬಂದಿದ್ದೇವೆ. ಮೊಬೈಲು, ಮಿಕ್ಸರು, ಹೋಟೆಲುಗಳ ಬಗ್ಗೆ ಓದಿ ನೋಡಿ ಕೊಳ್ಳುವ ರೂಢಿ ಎಲ್ಲರಿಗೂ ಇದೆ. ಇಂಥದ್ದರ ಬಗ್ಗೆಯೂ ಬಳಸಿದವರು ಬರೆದರೆ ಬೀದರ, ಯಾದಗಿರಿ, ರಾಯಚೂರು ಕಡೆ ನನ್ನಂಥ ಕೆಲಸದಲ್ಲಿ ಇರುವವರಿಗೆ ಅನುಕೂಲ ಆದೀತು ಅಂತ ಬರೆಯುತ್ತಿದ್ದೇನೆ. ತೀರ್ಪು ಮೊದಲೇ ಹೇಳುತ್ತೇನೆ. ಹಾಳೆ ಒಳ್ಳೇದಿದೆ, ಬಳಸಿರಿ. ಆದರೆ ಒಬ್ಬೊಬ್ಬರೇ ತುಂಬಿ ಮಡಿಚಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ಅರ್ಧ ಉಪಯೋಗವೂ ಆಗುವುದಿಲ್ಲ. ಮೇಲಿನ ಸಾಹೇಬರ ಕಪಾಟಿಗೆ ಹೋದರೆ ಉಪಯೋಗಕ್ಕಿಂತ ಹಾನಿಯೇ ಹೆಚ್ಚು.

ಇದನ್ನು ತುಂಬುವವರು ಎಂಥ ಕೆಲಸ ಮಾಡುತ್ತಾರೆ ಅಂತ ಗೊತ್ತಿಲ್ಲದೆ ಇದರ ಗುಣದೋಷ ತಿಳಿಯುವುದಿಲ್ಲ. ನಮ್ಮ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಸೇಡಂ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ರೊಟ್ಟಿ ಗಂಟಿನ ಸಮೇತ ಕೂತಿರುತ್ತಾರೆ. ಆಳಂದದ ಕಡೆಯವರ ಮಾತಿನಲ್ಲಿ ಮರಾಠಿ, ಸೇಡಂ ಕಡೆಯವರ ಮಾತಿನಲ್ಲಿ ತೆಲುಗು, ಊರೊಳಗಿನ ಎಷ್ಟೋ ಮಂದಿಯದು ದಖನಿ ಉರ್ದು, ತಾಂಡಾದವರದು ಲಂಬಾಣಿ. ಕೆಲವರು ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ವಾರಗಟ್ಟಲೆ ಇದ್ದು ಅಲ್ಲಿಂದ ನಮ್ಮ ಕಡೆ ಬಂದಿರುತ್ತಾರೆ. ಒಬ್ಬೊಬ್ಬರ ಕಾಲಿನಲ್ಲಿ ಸರಪಳಿಯ ಗಾಯ ಇರುತ್ತದೆ. ಮಾನಸಿಕ ರೋಗಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಹೇಳುತ್ತದೆ. ಅದು ನಮಗೆ ಗೊತ್ತು. ಆದರೆ ತನ್ನ ಕೈಯಿಂದಲೇ ಮಗನಿಗೆ ಸರಪಳಿ ಹಾಕಿದ ತಾಯಿ ಎದುರು ಕೂತು, "ಏನ್ ಮಾಡ್ಲಿರಿ ಸಿಸ್ಟರ್, ರಾತ್ರಿ ಎದ್ದು ಹೆದ್ದಾರಿ ಕಡಿ ಓಡ್ತಿದ್ದ" ಅಂತ ಅಳುವಾಗ ಆಕೆಗೆ ಕಲಮು ಹೇಳಿ ಮುಗಿಸಲಿಕ್ಕೆ ಬರುವುದಿಲ್ಲ. ಆಕೆಯ ಮಾತು ಪೂರಾ ಕೇಳಬೇಕು. ಕೇಳಿದ ಮೇಲೆ ಮುಂದಿನ ಚೀಟಿಯವರನ್ನು ಒಳಗೆ ಕರೆಯಬೇಕು.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ಕಾಯಿಲೆ ಇದೆ. ಮನೋವೈದ್ಯರು ಎಷ್ಟಿದ್ದಾರೆ ಅಂದರೆ, 2019ರಲ್ಲಿ ಅವರದೇ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಲಕ್ಷ ಜನಕ್ಕೆ 0.75. ಅಂದರೆ ಲಕ್ಷಕ್ಕೆ ಪೂರಾ ಒಬ್ಬರೂ ಇಲ್ಲ. ಈ ಕೊರತೆಯನ್ನು ತುಂಬುವ ದಾರಿ ತೋರಿಸಿದ್ದು ನಮ್ಮದೇ ಭಾಗದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು, ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ರೋಗಕ್ಕೆ ಉಪಚಾರ ಸಿಗುವ ಹಾಗೆ ಮಾಡಿದರು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2014ರಿಂದ ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಬಂತು. ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ಹಾಗಾಯಿತು. ಇದರಿಂದ ಎಷ್ಟೋ ಬಡವರ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿದಿದೆ; ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸ ಹೀಗೆ ಕೆಳಗಿನವರೆಗೆ ಹಂಚಿಹೋದಾಗ ಸಂಕಟ ಕೇಳುವ ಭಾರವೂ ಕೆಳಗಿನವರೆಗೆ ಹಂಚಿಹೋಗುತ್ತದೆ. ನರ್ಸಿಗೆ, ಆಶಾ ಕಾರ್ಯಕರ್ತೆಗೆ, ಆಯಾಗೆ, ಗಾಡಿ ಹೊಡೆಯುವವರಿಗೆ. ಅವರನ್ನು ಯಾರು ಕೇಳಬೇಕು?

ಕೇಳಬೇಕು ಅನ್ನುವ ವಿಚಾರ ಹೊಸದೇನಲ್ಲ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ನೋಡಿ, ತಮ್ಮನ್ನೂ ನೋಡಿಕೊಂಡು, ಬರ್ನ್‌ಔಟ್, ಅಂದರೆ ದುಡಿದು ದುಡಿದು ಸುಟ್ಟುಹೋದ ಹಾಗಾಗುವುದರ ಬಗ್ಗೆ ಬರೆದರು. 1992ರಲ್ಲಿ ಕಾರ್ಲಾ ಜಾಯ್ನ್‌ಸನ್ ಎಂಬ ನರ್ಸ್ ಕಂಪ್ಯಾಶನ್ ಫಟೀಗ್, ಅಂದರೆ ಕರುಣೆಯ ದಣಿವಿನ ಬಗ್ಗೆ ನರ್ಸುಗಳ ಪತ್ರಿಕೆಯಲ್ಲಿ ಬರೆದರು. ಇದನ್ನು ಮೊದಲು ಬರೆದವರಲ್ಲಿ ನಮ್ಮ ಕೆಲಸದ ಹೆಣ್ಣುಮಗಳು ಒಬ್ಬಳಿದ್ದಾಳೆ ಅನ್ನುವುದು ನನಗೆ ಅಭಿಮಾನದ ಸಂಗತಿ. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಅದರ ಮೇಲೆ ದೊಡ್ಡ ಕೆಲಸ ಮಾಡಿದರು, ಪ್ರಶ್ನಾವಳಿಯನ್ನೂ ಮಾಡಿದರು. ಅದನ್ನು ಬೆಳೆಸಿ ಬೆತ್ ಹಡ್ನಾಲ್ ಸ್ಟಾಮ್ ಅವರು ಮಾಡಿದ್ದು ಪ್ರೋಕ್ವಾಲ್. ಈಗ ಎಲ್ಲ ಕಡೆ ಓಡಾಡುವುದು ಅದರ ಐದನೇ ಆವೃತ್ತಿ.

ಈ ಹಾಳೆಯ ದೊಡ್ಡ ಗುಣ ಒಂದೇ. ದಣಿವನ್ನು ಅದು ಒಂದೇ ಮುದ್ದೆ ಮಾಡಿ ನೋಡುವುದಿಲ್ಲ. ಮೊರದಲ್ಲಿ ತೊಗರಿ ಕೇರಿದಾಗ ಬೇಳೆ ಬೇರೆ, ನುಚ್ಚು ಬೇರೆ, ಹೊಟ್ಟು ಬೇರೆ ಆಗುವ ಹಾಗೆ ಮೂರು ಭಾಗ ಮಾಡುತ್ತದೆ. ಒಂದು, ಈ ಕೆಲಸದಿಂದ ಸಿಗುವ ತೃಪ್ತಿ. ಎರಡು, ಬರ್ನ್‌ಔಟ್. ಕೆಲಸ ಮುಗಿಯುವುದೇ ಇಲ್ಲ, ಮಾಡಿ ಏನೂ ಆಗುವುದಿಲ್ಲ ಅನ್ನಿಸುವುದು. ಮೂರು, ರೋಗಿಯ ಆಘಾತ ನಮಗೆ ತಗಲುವುದು. ಅವರು ಅನುಭವಿಸಿದ್ದು ನಮ್ಮ ನಿದ್ದೆಗೆ, ನಮ್ಮ ಮನೆಗೆ ಬರುವುದು. ಈ ಎರಡನೆಯದೂ ಮೂರನೆಯದೂ ಸೇರಿದರೆ ಕಂಪ್ಯಾಶನ್ ಫಟೀಗ್ ಅನ್ನುತ್ತಾರೆ. ಒಂದೊಂದಕ್ಕೂ ಹತ್ತು ಪ್ರಶ್ನೆ. ಮೂರನ್ನೂ ಕೂಡಿಸಿ ಒಂದು ಮೊತ್ತ ತೆಗೆಯುವ ಹಾಗಿಲ್ಲ, ಒಂದೊಂದನ್ನೂ ಪ್ರತ್ಯೇಕ ಓದಬೇಕು. ಇದರ ಬೆಲೆ ಏನು ಅಂತ ನಮ್ಮ ವಾರ್ಡಿನ ಇಬ್ಬರ ಹಾಳೆಯಿಂದ ಹೇಳುತ್ತೇನೆ. ಇಬ್ಬರನ್ನೂ ಕೇಳಿ, ಅವರು ಹ್ಞೂಂ ಅಂದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಒಬ್ಬಳು ಚಿತ್ತಾಪುರ ಕಡೆಯ ಹುಡುಗಿ, ನನಗಿಂತ ಬಹಳ ಸಣ್ಣವಳು, ಕೆಲಸದಲ್ಲಿ ಚುರುಕು. ರೋಗಿಗಳು ಹುಡುಕಿಕೊಂಡು ಆಕೆಯ ಹತ್ತಿರವೇ ಬರುತ್ತಾರೆ. ಆಕೆಯ ಹಾಳೆಯಲ್ಲಿ ತೃಪ್ತಿ ಮೇಲಿತ್ತು, ಬರ್ನ್‌ಔಟ್ ಕೆಳಗಿತ್ತು. ಬೇರೆ ಯಾರು ನೋಡಿದರೂ ಈ ಹುಡುಗಿ ಗಟ್ಟಿ ಇದ್ದಾಳೆ ಅನ್ನುತ್ತಿದ್ದರು. ಆದರೆ ಮೂರನೇ ಭಾಗದ ಮೊತ್ತ ನಮ್ಮೆಲ್ಲರಿಗಿಂತ ಎಷ್ಟೋ ಹೆಚ್ಚು ಬಂತು. ಅನಿರೀಕ್ಷಿತ ಸಪ್ಪಳಕ್ಕೆ ಬೆಚ್ಚಿ ಬೀಳುತ್ತೀರಾ ಅನ್ನುವ ಐದನೇ ಪ್ರಶ್ನೆಗೆ ಆಕೆ ಹಾಕಿದ್ದು ಐದು, ಅಂದರೆ ಬಹಳ ಸಲ. ರೋಗಿಯ ಭಯವನ್ನು ನೆನಪಿಸುವ ಸಂಗತಿಗಳಿಂದ ದೂರ ಇರುತ್ತೀರಾ ಅನ್ನುವ ಇಪ್ಪತ್ತಮೂರನೆಯದಕ್ಕೂ ಹಾಗೇ. ಏನವ್ವಾ ಇದು ಅಂತ ಕೇಳಿದಾಗ ಮೊದಲು ನಕ್ಕಳು. ಆಮೇಲೆ ಹೇಳಿದಳು. ಗಂಡನ ಹೊಡೆತ ತಿಂದು ತಿಂದು ಮಾತು ನಿಂತುಹೋದ ಒಬ್ಬ ಹೆಣ್ಣುಮಗಳನ್ನು ಆಕೆ ವಾರಗಟ್ಟಲೆ ನೋಡಿಕೊಂಡಿದ್ದಳು. ಮಾತು ಮರಳಿದ ಮೇಲೆ ಆ ಹೆಣ್ಣುಮಗಳು ಮತ್ತೆ ಮತ್ತೆ ಹೇಳುತ್ತಿದ್ದುದು ಬಾಗಿಲ ಚಿಲಕ ಬೀಳುವ ಸಪ್ಪಳದ ಬಗ್ಗೆ. ಗಂಡ ಒಳಗೆ ಬಂದು ಚಿಲಕ ಹಾಕಿದ ಅಂದರೆ ಹೊಡೆತ ಶುರು. ಈಗ ನಮ್ಮ ಹುಡುಗಿಯ ಮನೆಯಲ್ಲಿ ರಾತ್ರಿ ಚಿಲಕ ಹಾಕುವ ಹಾಗಿಲ್ಲ. ಬಾಗಿಲಿಗೆ ಕುರ್ಚಿ ಒತ್ತಿ ಇಟ್ಟು ಮಲಗುತ್ತಿದ್ದರು. ಆಕೆಯ ಗಂಡ ಒಂದು ದಿನವೂ ಆಕೆಗೆ ಕೈ ಎತ್ತಿದವನಲ್ಲ. ಯಾಕೆ ಹೀಗೆ ಅಂತ ಅವನಿಗೂ ತಿಳಿದಿರಲಿಲ್ಲ, ಆಕೆಗೂ ತಿಳಿದಿರಲಿಲ್ಲ. ಇದಕ್ಕೂ ವಾರ್ಡಿಗೂ ಸಂಬಂಧ ಇದೆ ಅನ್ನುವುದು ಆ ಹಾಳೆ ತುಂಬುವಾಗಲೇ ಹೊಳೆದದ್ದು.

ನೋಡಿರಿ, ಬರೀ ದಣಿವಾಗಿದೆಯಾ ಅಂತ ಕೇಳಿದ್ದರೆ ಆಕೆ ಇಲ್ಲ ಅನ್ನುತ್ತಿದ್ದಳು, ಅದು ಸುಳ್ಳೂ ಆಗುತ್ತಿರಲಿಲ್ಲ. ರಜೆ ತಗೋ ಅಂದಿದ್ದರೆ ರಜೆ ಮನೆಯಲ್ಲಿ, ಚಿಲಕವೂ ಮನೆಯಲ್ಲಿ. ಆಕೆಗೆ ಬೇಕಾದದ್ದು ಬೇರೆ. ನಮ್ಮ ವಿಭಾಗದವರಲ್ಲದ ಒಬ್ಬ ಮನೋವೈದ್ಯರ ಹತ್ತಿರ ಹೋದಳು. ಕೆಲವು ತಿಂಗಳು ಅಂಥ ಕೇಸುಗಳನ್ನು ನಾವು ಉಳಿದವರು ಹಂಚಿಕೊಂಡೆವು. ಕೆಲಸ ಬಿಡಲಿಲ್ಲ, ಬಿಡುವ ಮನಸ್ಸೂ ಆಕೆಗಿರಲಿಲ್ಲ.

ಇನ್ನೊಬ್ಬರು ನಮ್ಮ ಅಟೆಂಡರ್ ಅಣ್ಣ. ತಾಂಡಾದವರು. ಹಾಳೆ ಹಂಚುವಾಗ, "ಸಿಸ್ಟರ್, ಇದು ನರ್ಸ್ ಮಂದಿಗಿ ಅದ. ನಮಗ್ಯಾಕ್ರಿ?" ಅಂದರು. ಪ್ರಶ್ನಾವಳಿಯಲ್ಲಿ ಸಹಾಯ ಮಾಡುವವರು ಅನ್ನುವ ಜಾಗದಲ್ಲಿ ನಮ್ಮ ನಮ್ಮ ಕೆಲಸದ ಹೆಸರು ಇಟ್ಟುಕೊಳ್ಳಲಿಕ್ಕೆ ಅವಕಾಶ ಇದೆ, ಅದನ್ನು ಮಾಡಿದವರೇ ಹಾಗೆ ಹೇಳಿದ್ದಾರೆ. ನೀವೂ ಸಹಾಯ ಮಾಡುವವರೇ, ಕೂಡ್ರಿ ಅಂತ ಕೂಡಿಸಿ ಒಂದೊಂದೇ ಪ್ರಶ್ನೆ ಓದಿ ಹೇಳಿದೆ. ಹದಿನಾಲ್ಕನೇ ಪ್ರಶ್ನೆಗೆ ಬಂದಾಗ, ನೀವು ನೋಡಿಕೊಂಡವರ ಆಘಾತ ನಿಮಗೇ ಆದ ಹಾಗೆ ಅನ್ನಿಸುತ್ತದಾ ಅಂದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೌದ್ರಿ, ಆಗ್ತದ. ಮನಿಗಿ ಹೋದ್ ಮ್ಯಾಲೂ ಆ ಮಾತು ನನ್ ಬಾಯಾಗೇ ಇರ್ತದ."

ಯಾವ ಮಾತು ಅಂದರೆ, ಲಂಬಾಣಿ ಮಾತ್ರ ಬರುವ ರೋಗಿಗಳು ಬಂದಾಗ ಡಾಕ್ಟರಿಗೆ ತಿಳಿಸಿ ಹೇಳುವವರು ಇವರೇ. ತಾಂಡಾದ ಜನ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಅಲ್ಲಿ ಕಟ್ಟಡದಿಂದ ಬಿದ್ದವರು, ಅಲ್ಲೇ ಮಣ್ಣಾದವರು, ಕೂಸು ಕಳೆದುಕೊಂಡವರು. ಹೆಣ್ಣುಮಗಳು ಲಂಬಾಣಿಯಲ್ಲಿ ಹೇಳುತ್ತಾಳೆ, ಅಣ್ಣ ಕನ್ನಡದಲ್ಲಿ ಹೇಳುತ್ತಾರೆ, "ನನ್ನ ಗಂಡ ಸತ್ತ ಸುದ್ದಿ ನನಗ ಎಂಟು ದಿನದ ಮ್ಯಾಲ ತಿಳೀತು. ಮಾರಿ ಸೈತ ನೋಡಲಿಲ್ಲ." ಹೇಳುವಾಗ ನಾನು ಅಂತಲೇ ಹೇಳಬೇಕಾಗುತ್ತದೆ. ದಿನಕ್ಕೆ ಎಷ್ಟು ಸಲ, ಎಷ್ಟು ಜನರ ಗಂಡ, ಎಷ್ಟು ಜನರ ಮಗ! ತರಬೇತಿ ಪಡೆದ ದುಭಾಷಿಗಳಿಗೆ ಇದು ಕೆಲಸದ ಭಾಗ ಅಂತ ಮೊದಲೇ ಕಲಿಸಿರುತ್ತಾರೆ. ಅಣ್ಣನಿಗೆ ಆ ತರಬೇತಿ ಇಲ್ಲ. ಅದಕ್ಕೆ ಬೇರೆ ಪಗಾರವೂ ಇಲ್ಲ. ಅವರ ಕೆಲಸದ ಪಟ್ಟಿಯಲ್ಲಿ ಇರುವುದು ಸ್ಟ್ರೆಚರ್ ತಳ್ಳುವುದು, ಫೈಲು ತರುವುದು. ಎದುರೆದುರು ಕೂತು ಕೇಳುವ ನಮ್ಮಲ್ಲಿ ಹೆಚ್ಚಿನವರಿಗಿಂತ ಅವರ ಮೂರನೇ ಭಾಗದ ಮೊತ್ತ ಹೆಚ್ಚು ಬಂದಿತ್ತು. ಅಷ್ಟು ವರ್ಷ ಅವರ ಜೊತೆ ಒಂದೇ ಕಡೆ ಕೂತು ಬುತ್ತಿ ಉಂಡಿದ್ದೇವೆ, ಯಾರಿಗೂ ಇದು ಕಂಡಿರಲಿಲ್ಲ. ಈ ಒಂದು ಕಾರಣಕ್ಕೇ ಆ ಹಾಳೆಗೆ ನನ್ನ ಪೂರ್ತಿ ಮಾನ ಇದೆ.

ಈಗ ನಮ್ಮ ಕಡೆ ಒಂದು ಪದ್ಧತಿ ಆಗಿದೆ. ಇಂಥ ಕೇಸಿನಲ್ಲಿ ಅಣ್ಣ "ಆಕಿ ಹೀಂಗ ಅಂತಾಳ್ರಿ" ಅಂತ ಹೇಳುತ್ತಾರೆ. ಭಾರದ ಒಂದು ಕೇಸು ಮುಗಿದ ಮೇಲೆ ಕೂಡಲೇ ಇನ್ನೊಂದಕ್ಕೆ ಕರೆಯುವುದಿಲ್ಲ. ಡಾಕ್ಟರು ಕೊನೆಗೆ, ನಿಮಗೆ ಹೇಗನ್ನಿಸಿತು ಅಂತ ಒಂದು ಮಾತು ಅವರನ್ನೂ ಕೇಳುತ್ತಾರೆ.

ಇನ್ನು ತುಂಬುವ ರೀತಿ. ಕಳೆದ ಮೂವತ್ತು ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದು ಪ್ರಶ್ನೆಗೂ ಒಂದರಿಂದ ಐದರ ತನಕ ಅಂಕ ಹಾಕಬೇಕು. ಒಂದು ಅಂದರೆ ಎಂದೂ ಇಲ್ಲ, ಐದು ಅಂದರೆ ಬಹಳ ಸಲ. ಒಂದು, ನಾಲ್ಕು, ಹದಿನೈದು, ಹದಿನೇಳು, ಇಪ್ಪತ್ತೊಂಬತ್ತು, ಈ ಐದು ಪ್ರಶ್ನೆಗಳ ಅಂಕ ಮಾತ್ರ ಕೂಡಿಸುವ ಮೊದಲು ತಿರುವಬೇಕು: ಐದಿದ್ದರೆ ಒಂದು, ನಾಲ್ಕಿದ್ದರೆ ಎರಡು. ಇದನ್ನು ಮರೆತರೆ ಖುಷಿಯಾಗಿರುವವರೇ ಸುಟ್ಟುಹೋದವರ ಹಾಗೆ ಕಾಣುತ್ತಾರೆ. ಒಂದೊಂದು ಭಾಗದ ಮೊತ್ತ 22 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೆಳಮಟ್ಟ, 23ರಿಂದ 41ರ ತನಕ ನಡುಮಟ್ಟ, 42 ಮತ್ತು ಮೇಲೆ ಬಂದರೆ ಹೆಚ್ಚು. ಕಾಲು ತಾಸಿನಲ್ಲಿ ಮುಗಿಯುತ್ತದೆ. ಇದರಿಂದ ರೋಗ ಇದೆ ಇಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ, ಅದಕ್ಕಾಗಿ ಮಾಡಿದ್ದೂ ಅಲ್ಲ.

ಕೊರತೆ ಹೇಳದೆ ಹೋದರೆ ತಪ್ಪಾಗುತ್ತದೆ, ಇವೆ.

ಮೊದಲನೆಯದು ಇಪ್ಪತ್ತೊಂಬತ್ತನೇ ಪ್ರಶ್ನೆ. ನಾನು ಬಹಳ ಕಾಳಜಿ ಮಾಡುವ ವ್ಯಕ್ತಿ ಅನ್ನುವುದಕ್ಕೆ ಅಂಕ ಹಾಕಬೇಕು. ನಮ್ಮ ಕಡೆ ಯಾವ ನರ್ಸು ಇದಕ್ಕೆ ಐದಕ್ಕಿಂತ ಕಡಿಮೆ ಹಾಕುತ್ತಾಳೆ? ಹೆಣ್ಣುಮಗಳು, ಸೊಸೆ, ತಾಯಿ, ಅದರ ಮೇಲೆ ಸಿಸ್ಟರ್. ಕಾಳಜಿ ಇಲ್ಲ ಅಂತ ಬರೆಯಲಿಕ್ಕೆ ಕೈಯೇ ಏಳುವುದಿಲ್ಲ. ಅಂಕ ತಿರುವಿದಾಗ ಅದರಿಂದ ಬರ್ನ್‌ಔಟ್ ಮೊತ್ತ ಕಡಿಮೆ ಆಗುತ್ತದೆ. ಹೀಗೆ ನಿಜವಾಗಿ ಸೋತವಳು ಹಾಳೆಯ ಮೇಲೆ ನಡುಮಟ್ಟದಲ್ಲಿ ಕಾಣುತ್ತಾಳೆ. ನಮ್ಮಲ್ಲಿ ಮೊತ್ತ ಗಡಿಯ ಹತ್ತಿರ ಇದ್ದರೆ ಅಂಕ ತಿರುವುವ ಆ ಐದು ಪ್ರಶ್ನೆಗಳನ್ನು ಬೇರೆ ಇಟ್ಟು ಉಳಿದವನ್ನೇ ಒಮ್ಮೆ ನೋಡುತ್ತೇವೆ. ಇದು ಪುಸ್ತಕದ ಪದ್ಧತಿ ಅಲ್ಲ, ನಮ್ಮ ರೂಢಿ.

ಎರಡನೆಯದು, ದಣಿದ ನರ್ಸಿನ ದನಿ ಬದಲಾಗುವುದು ಈ ಹಾಳೆಗೆ ಸಿಗುವುದಿಲ್ಲ. ಗಾಣಗಾಪುರದಿಂದ ಬಂದ ಮನೆಯವರಿಗೆ ನಾವು ಚಲೋ ಇದ್ದ ದಿನ, "ದೇವರಿಗೂ ಹೋಗ್ರಿ, ಗುಳಿಗಿನೂ ಬಿಡಬ್ಯಾಡ್ರಿ" ಅನ್ನುತ್ತೇವೆ. ಸೋತ ದಿನ, "ಇಷ್ಟ್ ದಿನ ಏನ್ ಮಾಡ್ಲಿಕ್ಕತ್ತಿದ್ರಿ?" ಅನ್ನುತ್ತೇವೆ. ಆ ಮುದುಕ ತಲೆ ತಗ್ಗಿಸುತ್ತಾನೆ, ಮುಂದಿನ ಸಲ ಬರುವುದಿಲ್ಲ. ಗುಳಿಗೆ ತಪ್ಪುತ್ತದೆ, ರೋಗ ತಿರುಗಿ ಬರುತ್ತದೆ. ಕರುಣೆ ದಣಿದರೆ ಅದರ ಪೆಟ್ಟು ಕೊನೆಗೆ ಬೀಳುವುದು ರೋಗಿಯ ಮೇಲೆ. ಹೆಸರು ಹೋಗಿ ಬೆಡ್ ನಂಬರ್ ಉಳಿಯುವ ಈ ಸ್ಥಿತಿಯನ್ನು 1981ರಲ್ಲಿ ಬಂದ ಮನಶ್ಶಾಸ್ತ್ರಜ್ಞೆ ಮ್ಯಾಸ್ಲಾಕ್ ಅವರ, ಬರ್ನ್‌ಔಟ್ ಅಳೆಯುವ 22 ಪ್ರಶ್ನೆಗಳ ಪಟ್ಟಿ ನೇರವಾಗಿ ಕೇಳುತ್ತದೆ. ಆದರೆ ಅದಕ್ಕೆ ರೊಕ್ಕ ಕೊಡಬೇಕು. ಹಂಗಾಗಿ ದನಿಯ ಬಗ್ಗೆ ನಾವು ಒಬ್ಬರಿಗೊಬ್ಬರು ಹೇಳುವ ಕರಾರು ಮಾಡಿಕೊಂಡಿದ್ದೇವೆ. ಹೇಳುವುದು ರೋಗಿಯ ಎದುರಿಗಲ್ಲ, ಚಹಾ ಕುಡಿಯುವಾಗ.

ಪೆಟ್ಟು ತಿಂದ ಬಗ್ಗೆಯೂ ಒಂದು ಪ್ರಶ್ನೆ ಇಲ್ಲ. ಮನೋರೋಗದ ವಾರ್ಡಿನಲ್ಲಿ ದುಡಿದವರಿಗೆ ಗೊತ್ತು. ಬಹುತೇಕ ರೋಗಿಗಳು ಯಾರಿಗೂ ಕೈ ಎತ್ತುವವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೆ ತೀವ್ರ ಸ್ಥಿತಿಯಲ್ಲಿ ಬಂದವರನ್ನು ಹಿಡಿಯುವಾಗ ನಮಗೆ ಬಿದ್ದದ್ದೂ ಇದೆ, ಮನೆಯವರ ಬೈಗುಳ ಕೇಳಿದ್ದೂ ಇದೆ. ಹಾಳೆ ಕೇಳುವುದೆಲ್ಲ ರೋಗಿಗೆ ಆದ ಆಘಾತ ನಮಗೆ ಹೇಗೆ ತಗಲಿತು ಅಂತ. ನಮಗೇ ಆದ ಆಘಾತವನ್ನು ಬರೆಯಲಿಕ್ಕೆ ಅದರಲ್ಲಿ ಜಾಗ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಮೂವತ್ತರಲ್ಲಿ ಇಪ್ಪತ್ತೊಂದನೆಯದು ಕೇಸುಗಳ ಹೊರೆ ಮುಗಿಯುವುದೇ ಇಲ್ಲ ಅನ್ನಿಸುತ್ತದಾ ಅಂತ ಕೇಳುತ್ತದೆ, ಇಪ್ಪತ್ತಾರನೆಯದು ವ್ಯವಸ್ಥೆಯಲ್ಲಿ ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತದಾ ಅಂತ. ಕೆಲಸದ ಜಾಗವನ್ನು ನೇರವಾಗಿ ಮುಟ್ಟುವವು ಇವೆರಡೇ ಅನ್ನಬೇಕು. ಉಳಿದವೆಲ್ಲ ನನ್ನೊಳಗೆ ಏನಾಗಿದೆ ಅಂತ ಕೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಒಂದು ಕಾಯಿಲೆಯಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದಾಗ ಆಗುವ ಸ್ಥಿತಿ ಅಂತ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ಬರೆಯಿತು. ಅಂದ ಮೇಲೆ ರಾತ್ರಿ ಪಾಳಿಗೆ ಎಷ್ಟು ಮಂದಿ, ಒಬ್ಬರಿಗೆ ಎಷ್ಟು ರೋಗಿ, ಒಂದೇ ವಿವರವನ್ನು ಎಷ್ಟು ರಿಜಿಸ್ಟರಿನಲ್ಲಿ ಬರೆಯಬೇಕು, ಏಪ್ರಿಲ್ ಬಿಸಿಲಲ್ಲಿ ಕೂಲರ್ ನಡೆಯುತ್ತದಾ, ಇವೂ ಪ್ರಶ್ನೆಗಳೇ. ನನ್ನ ಹಾಳೆಯಲ್ಲಿ ಮೂರನೇ ಭಾಗ ಕಡಿಮೆ, ಬರ್ನ್‌ಔಟ್ ನಡುಮಟ್ಟದ ಮೇಲಿನ ತುದಿ. ರೋಗಿಗಳ ಮಾತು ಕೇಳಿ ನಾನು ದಣಿದಿಲ್ಲ, ಬರೆದು ಬರೆದು ದಣಿದಿದ್ದೇನೆ. ನನಗೆ ಯೋಗದ ಶಿಬಿರ ಹೇಳಿದರೆ ಒಂದು ಭಾನುವಾರ ಹೋಗುತ್ತದೆ ಅಷ್ಟೇ. ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲರ ಮೊತ್ತ ನೋಡಿ ಎರಡು ರಿಜಿಸ್ಟರ್ ಕೂಡಿಸಿ ಒಂದು ಮಾಡಿದರು. ಯಾವ ಔಷಧಿಯೂ ಅಷ್ಟು ಕೆಲಸ ಮಾಡುತ್ತಿರಲಿಲ್ಲ.

ಅವರು ನೋಡಿದ್ದು ಹೆಸರಿಲ್ಲದ ಮೊತ್ತ ಮಾತ್ರ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನನ್ನ ಗೆಳತಿಯೊಬ್ಬಳು ಕೆಲಸ ಮಾಡುವ ಕಡೆ ಇದೇ ಹಾಳೆಯನ್ನು ಹೆಸರು, ಸಹಿ ಸಮೇತ ತುಂಬಿಸಿ ಕಚೇರಿಯಲ್ಲಿ ಇಟ್ಟುಕೊಂಡರು. ಯಾರ ಬರ್ನ್‌ಔಟ್ ಹೆಚ್ಚು ಬಂದಿತ್ತೋ ಅವರನ್ನು ಕರೆದು, ನಿಮಗೆ ಈ ವಿಭಾಗ ಆಗಿಬರುವುದಿಲ್ಲ ಅಂತ ಕಾಣುತ್ತದೆ ಅಂದರು. ಅದರಲ್ಲಿ ಗುತ್ತಿಗೆ ಮೇಲೆ ಇದ್ದವರೂ ಇದ್ದರು, ಅವರ ಹೊಟ್ಟೆಪಾಡಿನ ಪ್ರಶ್ನೆ. ಮುಂದಿನ ಸಲ ಎಲ್ಲರೂ ಐದಕ್ಕೆ ಐದು ಖುಷಿ ಅಂತ ತುಂಬಿಕೊಟ್ಟರು. ಆ ಊರು ಯಾವುದು, ಆ ಜಾಗ ಯಾವುದು ಅಂತ ಬರೆಯುವುದಿಲ್ಲ. ತುಂಬಿಸುವವರು ಇದನ್ನು ಓದಿದರೆ ಸಾಕು. ಹಾಳೆ ತುಂಬಿದವರ ಹತ್ತಿರವೇ ಇರಬೇಕು. ಮೇಲೆ ಹೋಗುವುದಿದ್ದರೆ ಹೆಸರಿಲ್ಲದ ಮೊತ್ತ ಹೋಗಬೇಕು, ಅದೂ ಹತ್ತಾರು ಮಂದಿ ಇದ್ದಾಗ ಮಾತ್ರ. ಮೂರು ಮಂದಿ ಇರುವ ಕಡೆ ಹೆಸರಿಲ್ಲದಿದ್ದರೂ ಯಾರದು ಅಂತ ಗೊತ್ತಾಗುತ್ತದೆ.

ಮೊತ್ತ ಬಂದ ಮೇಲೆ ಏನು ಮಾಡಬೇಕು ಅಂತ ಹಾಳೆ ಹೆಚ್ಚೇನೂ ಹೇಳುವುದಿಲ್ಲ. ನಾವು ಮಾಡಿಕೊಂಡದ್ದು ಸಣ್ಣ ಸಣ್ಣ ಏರ್ಪಾಡು. ಮನೆ ಭೇಟಿಗೆ ಒಬ್ಬರೇ ಹೋಗುವುದಿಲ್ಲ. ತಾಲೂಕಿಗೆ ಹೋಗಿ ಬಂದವರಿಗೆ ಮರುದಿನ ಮುಂಜಾನೆ ಹೊರರೋಗಿಗಳ ಪಾಳಿ ಇಲ್ಲ. ಹಿಂದಿರುಗುವ ದಾರಿಯಲ್ಲಿ ಖಾನಾವಳಿಯಲ್ಲಿ ಕಟಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಉಣ್ಣುವಾಗ ಗಾಡಿ ಹೊಡೆಯುವವರೂ ಅದೇ ಟೇಬಲ್ಲಿಗೆ. ಕೆಟ್ಟ ಘಟನೆ ಆದ ದಿನ ಎಲ್ಲರನ್ನೂ ಕೂಡಿಸಿ ಏನಾಯಿತು ಅಂತ ಮೊದಲಿನಿಂದ ಹೇಳಿಸುವ ಪದ್ಧತಿ ಕೆಲವು ಕಡೆ ಇದೆ. ಒಂದೇ ಸಲ ಕೂಡಿಸಿ ಹಾಗೆ ಬಲವಂತವಾಗಿ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಆ ದಿನ ಬೇಕಾದದ್ದು ನೀರು, ಊಟ, ಮನೆ ಮುಟ್ಟಿಸುವ ಗಾಡಿ, ಮತ್ತು ಮಾತಾಡಬೇಕು ಅನ್ನಿಸಿದಾಗ ಕೇಳುವ ಒಬ್ಬರು.

ಆ ಒಬ್ಬರು ಊರಿನಲ್ಲಿ ಸಿಗದಿದ್ದರೆ ಟೆಲಿ ಮನಸ್ ಅನ್ನುವ ಸರಕಾರದ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಂಬರ್ 14416. ಹಗಲೂ ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು, ರೊಕ್ಕ ಇಲ್ಲ. ನಾವು ದಿನಾ ರೋಗಿಗಳ ಚೀಟಿಯ ಹಿಂದೆ ಬರೆದು ಕೊಡುವ ನಂಬರ್ ಅದು. ನಮ್ಮಂಥವರು ಮಾಡಬಾರದು ಅಂತ ಎಲ್ಲೂ ಬರೆದಿಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು ನಿದ್ದೆ ಹತ್ತದ ನರ್ಸು ಮಾಡಿದರೂ ಅವರು ಕೇಳುತ್ತಾರೆ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ಕೆಲಸದ ಜಾಗವನ್ನು ಕೇಳದೆ ಬಿಟ್ಟಿದ್ದಕ್ಕೆ. ಮೂರು ತಿಂಗಳಿಗೊಮ್ಮೆ ತುಂಬಿದರೆ ಸಾಕು. ಸಾವು ಆದ ವಾರ, ಜಗಳ ಆದ ವಾರ ಬೇಡ. ಎರಡನೇ ಅಥವಾ ಮೂರನೇ ಭಾಗದಲ್ಲಿ 42 ಅಥವಾ ಮೇಲೆ ಬಂದವರು ತಮ್ಮದೇ ವಿಭಾಗದ ಡಾಕ್ಟರನ್ನು ಬಿಟ್ಟು ಬೇರೆ ಒಬ್ಬರನ್ನು ಕಾಣುವುದು ಒಳ್ಳೇದು. ನಿಮ್ಮ ವಾರ್ಡಿನಲ್ಲಿ ತುಂಬಿಸುವುದಿದ್ದರೆ ಡಾಕ್ಟರು, ನರ್ಸುಗಳಿಗಿಂತ ಮೊದಲು ಅಟೆಂಡರು, ಆಯಾ, ಗೇಟಿನ ಕಾವಲಿನವರು, ಗಾಡಿ ಹೊಡೆಯುವವರನ್ನು ಕೂಡಿಸಿರಿ, ಪ್ರಶ್ನೆಗಳನ್ನು ಅವರಿಗೆ ಓದಿ ಹೇಳಿರಿ.